ಹಡಗಲಿಯಲ್ಲಿ ಹುಟ್ಟಿದವರ ಲೆಕ್ಕ, ಎಚ್‌ಐವಿ ಹೊಕ್ಕ ಮಿದುಳು

ಕಣ್ಣಿಗೆ ಕಾಣದ್ದು ಲೆಕ್ಕಕ್ಕೆ ಕಾಣುತ್ತದೆ! ಎಚ್‌ಐವಿ ಸೋಂಕಿತರ ಮಿದುಳಿನ ಎಂಆರ್‌ಐ ಚಿತ್ರಗಳನ್ನು ವಿಜ್ಞಾನಿಗಳು ಹೇಗೆ ಓದುತ್ತಾರೆ ಎಂದು ಹುಡುಕುತ್ತ ಹೊರಟವನಿಗೆ ಮೊದಲು ಸಿಕ್ಕ ಬೆರಗು ಇದು. ಅದಕ್ಕಿಂತ ದೊಡ್ಡ ಬೆರಗು ಆಮೇಲೆ ಕಾದಿತ್ತು. ಅಮೆರಿಕದ ಲ್ಯಾಬಿನಲ್ಲಿ ಹಿಡಿದ ಎಳೆ ಬಂದು ನಿಂತದ್ದು ನಮ್ಮ ತುಂಗಭದ್ರೆಯ ಸೀಮೆಯಲ್ಲಿ, ಹೂವಿನ ಹಡಗಲಿಯಲ್ಲಿ.

ಎಚ್‌ಐವಿ ಎಂದರೆ ರಕ್ತದ ಸೋಂಕು ಎಂದಷ್ಟೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಆದರೆ ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ವೈರಸ್ಸು ಬಿಳಿ ರಕ್ತಕಣಗಳನ್ನೇರಿ ಮಿದುಳಿನ ಕಾವಲನ್ನು ದಾಟಿಬಿಡಬಲ್ಲದು. ಅಲ್ಲಿ ಅದು ನರಕೋಶಗಳಿಗೆ ನೇರವಾಗಿ ಕೈಹಾಕುವುದಿಲ್ಲ. ಅವುಗಳ ಪಕ್ಕದ ರಕ್ಷಣಾ ಕೋಶಗಳಲ್ಲಿ ಬೀಡುಬಿಡುತ್ತದೆ, ಆ ಕೋಶಗಳು ಉಗುಳುವ ವಿಷಕ್ಕೆ ನರಕೋಶಗಳು ಸೊರಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 119 ಮಂದಿ ದಕ್ಷಿಣ ಭಾರತೀಯ ಸೋಂಕಿತರನ್ನು ಪರೀಕ್ಷಿಸಿದ್ದರು. ಶೇ. 60.5 ಮಂದಿಯಲ್ಲಿ ನೆನಪು, ಕಲಿಕೆ, ಮಾತಿನ ಸರಾಗತೆಯಲ್ಲಿ ಅಲ್ಪ ಅಥವಾ ಮಧ್ಯಮ ಪ್ರಮಾಣದ ಕುಂದು ಕಂಡಿತು. ತೀವ್ರ ಕುಂದು ಮಾತ್ರ ಒಬ್ಬರಲ್ಲೂ ಇರಲಿಲ್ಲ!

ಯಾಕಿರಲಿಲ್ಲ? ಇದಕ್ಕೊಂದು ಸುಳಿವು ಬೆಂಗಳೂರಿನಲ್ಲೇ ಸಿಕ್ಕಿತ್ತು. ಭಾರತದಲ್ಲಿ ಹೆಚ್ಚಾಗಿರುವುದು ವೈರಸ್ಸಿನ ‘ಸಿ’ ತಳಿ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು, ನಿಮ್ಹಾನ್ಸ್ ತಜ್ಞರೊಡನೆ ಸೇರಿ, ಅದರ ‘ಟ್ಯಾಟ್’ ಪ್ರೋಟೀನಿನ 31ನೇ ಸ್ಥಾನದಲ್ಲಿ ಸಿಸ್ಟೀನ್ ಬದಲು ಸೆರೀನ್ ಇದೆ ಎಂದು 2004ರಲ್ಲಿ ತೋರಿಸಿದರು. ಆ ಒಂದು ಬದಲಾವಣೆಯಿಂದ ಬಿಳಿ ರಕ್ತಕಣಗಳನ್ನು ತನ್ನತ್ತ ಸೆಳೆಯುವ ಟ್ಯಾಟ್‌ನ ಶಕ್ತಿ ಕುಗ್ಗುತ್ತದೆ. ಒಂದೇ ಒಂದು ಅಮೈನೋ ಆಮ್ಲ!

ಸರಿ, ಹಾನಿ ಅಲ್ಪವಾದರೆ ಅದನ್ನು ನೋಡುವುದು ಹೇಗೆ? ಇಂಥ ಅಲ್ಪ ಹಾನಿ ಎಂಆರ್‌ಐ ಫಿಲ್ಮಿನಲ್ಲಿ ಅನುಭವಿ ವೈದ್ಯರ ಕಣ್ಣಿಗೂ ಎಷ್ಟೋ ಸಲ ಬೀಳುವುದಿಲ್ಲ. ಹಾಗಾಗಿ ಕಂಪ್ಯೂಟರು ಮಿದುಳನ್ನು ಒಂದೊಂದು ಮಿಲಿಮೀಟರಿನ ಘನಗಳಾಗಿ ಒಡೆಯುತ್ತದೆ. 1,200 ಘನ ಸೆಂಟಿಮೀಟರಿನ ಮಿದುಳಿಗೆ 12 ಲಕ್ಷ ಘನಗಳು! ಪ್ರತಿಯೊಂದರಲ್ಲೂ ಕೇಳುವ ಪ್ರಶ್ನೆ ಒಂದೇ: ಸೋಂಕಿತರಿಗೂ ಆರೋಗ್ಯವಂತರಿಗೂ ಇಲ್ಲಿ ವ್ಯತ್ಯಾಸವಿದೆಯೇ? ಮೋಸ ಹೋಗುವುದೂ ಇಲ್ಲಿಯೇ. ನೂರಕ್ಕೆ ಐದು ತಪ್ಪನ್ನು ಒಪ್ಪಿಕೊಂಡರೆ, ಯಾವ ವ್ಯತ್ಯಾಸವೂ ಇಲ್ಲದಿದ್ದರೂ 60,000 ಘನಗಳು ಸುಮ್ಮನೆ ‘ಇದೆ’ ಎನ್ನುತ್ತವೆ.

2005ರಲ್ಲಿ ಅಮೆರಿಕದ ಪಾಲ್ ಥಾಂಪ್ಸನ್ ತಂಡ 26 ಏಡ್ಸ್ ರೋಗಿಗಳ ಮಿದುಳನ್ನು 14 ಆರೋಗ್ಯವಂತರ ಮಿದುಳಿನೊಡನೆ ಹೋಲಿಸಿತು. ಕೈಕಾಲಿನ ಚಲನೆ ಮತ್ತು ಸ್ಪರ್ಶವನ್ನು ನೋಡಿಕೊಳ್ಳುವ ಭಾಗಗಳ ಹೊರಪದರ ರೋಗಿಗಳಲ್ಲಿ ಶೇ. 15ರಷ್ಟು ತೆಳುವಾಗಿತ್ತು. ಇಂಥ ಫಲಿತಾಂಶ ನಿಜವೋ ಆಕಸ್ಮಿಕವೋ ಎಂದು ತಿಳಿಯಲು ಒಂದು ಸೊಗಸಾದ ಉಪಾಯವಿದೆ. ‘ರೋಗಿ’, ‘ಆರೋಗ್ಯವಂತ’ ಎಂಬ ಚೀಟಿಗಳನ್ನು ಬೇಕೆಂದೇ ಕಲಸಿ, ಮತ್ತೆ ಮತ್ತೆ ಲೆಕ್ಕ ಹಾಕುವುದು. ನಲವತ್ತು ಮಂದಿಯನ್ನು 26 ಮತ್ತು 14ರಂತೆ ಹಂಚುವ ಬಗೆಗಳು 2,320 ಕೋಟಿ! ಕಂಪ್ಯೂಟರು ಅದರಲ್ಲಿ ಸಾವಿರಾರನ್ನು ಆಯ್ದು ನೋಡುತ್ತದೆ. ಕಲಸಿದ ಚೀಟಿಗಳಿಂದ ಬಾರದ ವ್ಯತ್ಯಾಸ ನಿಜವಾದ ಚೀಟಿಗಳಿಂದ ಬಂದರೆ ಮಾತ್ರ ನಂಬಿಕೆ.

2008ರಲ್ಲಿ ಸಂಶೋಧಕಿ ನತಾಶಾ ಲೆಪೋರೆ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಜಾಗ ಎಷ್ಟು ಕುಗ್ಗಿದೆ ಎಂಬ ಒಂದೇ ಸಂಖ್ಯೆ ಸಾಲದು, ಯಾವ ದಿಕ್ಕಿಗೆ ಹೇಗೆ ಎಳೆದುಕೊಂಡಿದೆ ಎಂಬುದೂ ಬೇಕು ಎಂದು ಪ್ರತಿ ಬಿಂದುವಿಗೂ ಆರು ಸಂಖ್ಯೆ ಹಿಡಿದರು. ಆರನ್ನೂ ಒಟ್ಟಿಗೆ ತೂಗಿದ್ದು ಹೊಟೆಲಿಂಗ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ. ಅದರ ಹೊಟ್ಟೆಯೊಳಗಿರುವುದು ಕಲ್ಕತ್ತೆಯ ಪಿ.ಸಿ. ಮಹಲನೋಬಿಸ್ 1936ರಲ್ಲಿ ಕೊಟ್ಟ ‘ದೂರ’! ಎತ್ತರದ ದಂಟಿಗೆ ದೊಡ್ಡ ಜೋಳದ ತೆನೆ ಬಂದರೆ ರೈತನಿಗೆ ಅಚ್ಚರಿಯಿಲ್ಲ, ಗಿಡ್ಡ ದಂಟಿಗೆ ಬಂದರೆ ನಿಂತು ನೋಡುತ್ತಾನೆ. ಅಳತೆಗಳನ್ನು ಬಿಡಿಬಿಡಿಯಾಗಿ ನೋಡದೆ ಅವುಗಳ ನಂಟನ್ನೂ ಲೆಕ್ಕಕ್ಕೆ ಹಿಡಿಯುವ ಈ ಗಣಿತದಿಂದ, ಒಂಟಿ ಸಂಖ್ಯೆಗೆ ಸಿಗದ ವ್ಯತ್ಯಾಸಗಳೂ ಸಿಕ್ಕವು.

ಆ ‘ದೂರ’ವನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ ಹುಟ್ಟಿದವರು. 1946ರಲ್ಲಿ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಅವರ ಕೆಲಸ, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನರ ತಲೆಬುರುಡೆ, ಮೂಳೆಗಳನ್ನು ಅಳೆದು ಮಹಲನೋಬಿಸ್ ದೂರದಿಂದ ವಿಶ್ಲೇಷಿಸುವುದು. ಬುರುಡೆಯ ಹೊರಗೆ ನಡೆದ ಆ ಲೆಕ್ಕದ ವಂಶವೇ ಅರವತ್ತು ವರ್ಷಗಳ ಬಳಿಕ ಬುರುಡೆಯ ಒಳಗೆ ಹೊಕ್ಕಿತು! 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು, ಅದೇ ಆಗಸ್ಟಿನಲ್ಲಿ ತೀರಿಕೊಂಡರು. ಹಡಗಲಿ ಸೀಮೆಯನ್ನು ಹಾಯ್ದು ಬರುವ ತುಂಗಭದ್ರೆಯೇ ಎಡದಂಡೆ ಕಾಲುವೆಯಲ್ಲಿ ಮಾನ್ವಿ, ರಾಯಚೂರಿನ ಗದ್ದೆಗಳಿಗೆ ಹರಿಯುತ್ತದೆ. ನಮ್ಮ ಶಾಲೆಗಳ ಗೋಡೆ ಮೇಲೆ ರಾವ್ ಅವರ ಹೆಸರು ಇರಲೇಬೇಕಿತ್ತು.

ನಮ್ಮ ರಾಯಚೂರು ಸೀಮೆಯಿಂದ ನಿಮ್ಹಾನ್ಸ್ ಸುಮಾರು 400 ಕಿ.ಮೀ. ದೂರ. ಆದರೆ ಸೋಂಕಿತರ ಮಿದುಳಿನ ಮೊದಲ ಪರೀಕ್ಷೆಗೆ ಎಂಆರ್‌ಐ ಯಂತ್ರವೇ ಬೇಡ. ವೈದ್ಯರು ನಾಯಿ, ಟೋಪಿಯಂಥ ನಾಲ್ಕು ಪದ ಹೇಳುತ್ತಾರೆ. ಆಮೇಲೆ ರೂಢಿಯಿಲ್ಲದ ಕೈಯ ಹೆಬ್ಬೆರಳಿಗೆ ತೋರುಬೆರಳನ್ನು ಐದು ಸೆಕೆಂಡು ಬಡಬಡ ತಾಗಿಸಬೇಕು. ಮುಷ್ಟಿ, ಅಂಗೈ, ಕೈಯಂಚು ಎಂದು ಮೇಜಿನ ಮೇಲೆ ಸರಸರ ಇಡಬೇಕು. ಕೊನೆಗೆ ಆ ನಾಲ್ಕು ಪದ ನೆನಪಿಸಿಕೊಂಡು ಹೇಳಬೇಕು. ಒಟ್ಟು 12 ಅಂಕ, 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ. ಓದುಬರಹ ಬಾರದವರೂ ಮಾಡಬಹುದು. ಬೆರಳು ನಿಧಾನವಾಯಿತೆಂದರೆ, ಥಾಂಪ್ಸನ್ ತಂಡ ಹುಡುಕಿದ ಆ ತೆಳುಪದರವೇ ನೆನಪಾಗುತ್ತದೆ!

ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ದೇಶದಲ್ಲಿ 2004ರಿಂದ ಸರ್ಕಾರದಿಂದ ಉಚಿತ. ಅದು ಬಂದ ಮೇಲೆ ತೀವ್ರ ಮರೆಗುಳಿತನ ಬಹಳ ಇಳಿದಿದೆ, ಅಲ್ಪ ಕುಂದು ಕೆಲವರಲ್ಲಿ ಉಳಿಯುತ್ತದೆ. ಮಾತ್ರೆ ನುಂಗುತ್ತಿರುವವರು ಒಂದು ದಿನವೂ ತಪ್ಪಿಸಬೇಡಿ. ಮರೆವು ಹೆಚ್ಚಿತೆ, ಕೈ ತಡವರಿಸುತ್ತಿದೆಯೆ, ವಯಸ್ಸಾಯಿತೆಂದು ಸುಮ್ಮನಿರದೆ ಎಆರ್‌ಟಿ ವೈದ್ಯರಿಗೆ ಹೇಳಿ. ನಿಮ್ಮ ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ಏನಾದರೂ ಕೇಳುವುದಿದ್ದರೆ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕರೆ ಉಚಿತ.