ಅರ್ಧ ಮಾತ್ರೆಯ ಲೆಕ್ಕ

ದೊಡ್ಡವರಿಗೆ ಒಂದಾದರೆ ಮಗುವಿಗೆ ಅರ್ಧ, ಇನ್ನೂ ಚಿಕ್ಕದಾದರೆ ಕಾಲು. ಐಸೋನಿಯಜಿಡ್, ರಿಫಾಂಪಿಸಿನ್ ಎಂಬ ಟಿಬಿ ಮದ್ದುಗಳೆರಡಕ್ಕೂ ಜಗ್ಗದ ಎಂಡಿಆರ್ ಟಿಬಿ ಮಕ್ಕಳಿಗೆ ಬಂದಾಗ ಆಸ್ಪತ್ರೆಗಳೂ ಬಹುಕಾಲ ಇದೇ ಲೆಕ್ಕವನ್ನು ನೆಚ್ಚಿಕೊಂಡಿದ್ದವು. ಬೇರೆ ದಾರಿಯೂ ಇರಲಿಲ್ಲವೆನ್ನಿ. ಮಕ್ಕಳಿಗೆಂದು ಮಾಡಿದ ಮಾತ್ರೆಗಳೇ ಇಲ್ಲದಾಗ ದೊಡ್ಡವರದನ್ನು ಮುರಿದು, ಕುಟ್ಟಿ, ನೀರಲ್ಲಿ ಕದಡಿ ಕುಡಿಸಬೇಕಿತ್ತು. ಕಹಿಗೆ ಮಗು ಉಗಿದರೆ ಎಷ್ಟು ಒಳಗೆ ಹೋಯಿತೆಂದು ಯಾರು ಹೇಳಬೇಕು?

ಉಗಿಯದಿದ್ದರೂ ಲೆಕ್ಕ ತಪ್ಪುತ್ತದೆ. ಎರಡು ಮೂರು ವರ್ಷದ ಮಗುವಿನ ಯಕೃತ್ತು ಅದರ ಮೈತೂಕಕ್ಕೆ ಹೋಲಿಸಿದರೆ ದೊಡ್ಡದು. ಹಲವು ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ಸಾಮಾನ್ಯ ಟಿಬಿಯಲ್ಲೇ ನೋಡಿ: ಐಸೋನಿಯಜಿಡ್ ದೊಡ್ಡವರಿಗೆ ಕಿಲೋಗೆ 5 ಮಿಲಿಗ್ರಾಂ, ಮಕ್ಕಳಿಗೆ 10. ಹಸುಗೂಸಿನದು ಮತ್ತೆ ಬೇರೆ. ಅದರ ಕಿಣ್ವಗಳು ಇನ್ನೂ ಬಲಿತಿರುವುದಿಲ್ಲ, ಮದ್ದು ರಕ್ತದಲ್ಲೇ ಉಳಿದು ಏರಬಹುದು.

ಇದನ್ನು ಅಂದಾಜಿಗೆ ಬಿಡದೆ ಅಳೆದು ನೋಡಿದವರಲ್ಲಿ ಪ್ರಮುಖರು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿರುವ ಡೆಸ್ಮಂಡ್ ಟುಟು ಟಿಬಿ ಕೇಂದ್ರದವರು. ಮಗುವಿಗೆ ಔಷಧ ಕೊಟ್ಟು, ಕೆಲವು ಗಂಟೆಗಳಿಗೊಮ್ಮೆ ಚೂರುಚೂರೇ ರಕ್ತ ತೆಗೆದು, ಮದ್ದು ಎಷ್ಟು ಏರಿತು, ಯಾವಾಗ ಇಳಿಯಿತು ಎಂದು ನೋಡುವ ಕೆಲಸ. ಎಂಡಿಆರ್ ಟಿಬಿಗೆ ಕೊಡುವ ಲೆವೊಫ್ಲಾಕ್ಸಸಿನ್‌ನ ದೊಡ್ಡವರ ಮಾತ್ರೆಗಿಂತ, ನೀರಲ್ಲಿ ಕರಗುವ 100 ಮಿಲಿಗ್ರಾಂನ ಮಕ್ಕಳ ಮಾತ್ರೆಯಿಂದ ರಕ್ತಕ್ಕೆ ಹೆಚ್ಚು ಔಷಧ ಸೇರುವುದು ಹೀಗೆ ಗೊತ್ತಾಯಿತು. ಅದೇ ರೋಗದ ಹೊಸ ಮದ್ದು ಬೆಡಾಕ್ವಿಲಿನ್‌ನ ಸ್ವಭಾವ ಬೇರೆ. ಇಡಿಯಾಗಿ ನುಂಗಿದರೂ ನೀರಲ್ಲಿ ಕದಡಿ ಕುಡಿದರೂ ಮೈಗೆ ಹತ್ತುವುದು ಅಷ್ಟೇ ಎಂದು ದೊಡ್ಡವರಲ್ಲಿ ನಡೆಸಿದ ಪರೀಕ್ಷೆ ತೋರಿಸಿತು. ಆದರೆ ಊಟದ ಜೊತೆ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ಸೇರುವುದು ಹೆಚ್ಚುಕಡಿಮೆ ಅರ್ಧ.

ಅಡ್ಡಪರಿಣಾಮಗಳಲ್ಲಿ ಕ್ರೂರವಾದದ್ದು ಹಳೆಯ ಚುಚ್ಚುಮದ್ದುಗಳದು. ತಿಂಗಳುಗಟ್ಟಲೆ ಕೊಡುತ್ತಿದ್ದ ಕನಾಮೈಸಿನ್, ಅಮಿಕಾಸಿನ್ ಒಳಕಿವಿಯ ರೋಮಕೋಶಗಳನ್ನು ಕೊಲ್ಲುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರಸ್ವರದ ಸದ್ದುಗಳು, ಆಮೇಲೆ ಮಾತಿನೊಳಗಿನ ‘ಸ’, ‘ಶ’ಗಳು. ದೊಡ್ಡವರು ಕಿವಿ ಗುಂಯ್ಗುಡುತ್ತಿದೆ ಎಂದು ದೂರುತ್ತಾರೆ. ಆಗತಾನೆ ಮಾತು ಕಲಿಯುತ್ತಿರುವ ಮಗುವಿಗೆ ಏನು ಕಳೆದುಹೋಯಿತೆಂದೇ ತಿಳಿಯದು. ಹಾಗಾಗಿ ಕಿವಿಯೊಳಗೆ ಸದ್ದು ಬಿಟ್ಟು, ಒಳಕಿವಿಯಿಂದ ಮರಳುವ ಕ್ಷೀಣ ಪ್ರತಿಧ್ವನಿಯನ್ನು ಯಂತ್ರದಿಂದಲೇ ಹಿಡಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಕನಾಮೈಸಿನನ್ನು ಕೈಬಿಡಿ ಎಂದದ್ದು 2018ರಲ್ಲಿ. ಹೀಗೆ ಟಿಬಿ ಚಿಕಿತ್ಸೆಯಲ್ಲಿ ಕಿವಿ ಕೇಳದಂತಾದ ಮುಂಬಯಿಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ, ಆ ಚುಚ್ಚುಮದ್ದುಗಳ ಜಾಗಕ್ಕೆ ಬಂದ ಬೆಡಾಕ್ವಿಲಿನ್ ಮಾತ್ರೆಯ ಪೇಟೆಂಟ್ ಅವಧಿ ಹಿಗ್ಗಿಸುವುದನ್ನು ಭಾರತದಲ್ಲಿ ಪ್ರಶ್ನಿಸಿ 2023ರಲ್ಲಿ ಗೆದ್ದರು.

ಆ ಬೆಡಾಕ್ವಿಲಿನ್ ಅಮೆರಿಕದಲ್ಲಿ ದೊಡ್ಡವರಿಗೆ ಸಿಕ್ಕಿದ್ದು 2012ರ ಕೊನೆಗೆ. ಐದು ವರ್ಷ ದಾಟಿದ ಮಕ್ಕಳಿಗೆ 2020ರಲ್ಲಿ. ಎಲ್ಲ ವಯಸ್ಸಿನವರಿಗೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2022ರಲ್ಲಿ. ಹತ್ತಿರ ಹತ್ತು ವರ್ಷದ ಈ ಕಾಯುವಿಕೆಗೆ ಎಚ್ಚರಿಕೆ ಅನ್ನುವುದು ಅರ್ಧ ಉತ್ತರ. ಮಕ್ಕಳನ್ನು ಪ್ರಯೋಗದಿಂದ ಹೊರಗಿಟ್ಟು ಕಾಪಾಡಿದೆವು ಅಂದುಕೊಂಡರು. ಆ ಕಾಲದ ಬಹುಪಾಲು ಚುಚ್ಚುಮದ್ದು ನಡೆದೇ ಇತ್ತು.

ಹೊಸ ಮದ್ದುಗಳೂ ನಿರಪಾಯಕಾರಿಯಲ್ಲ. ಬೆಡಾಕ್ವಿಲಿನ್ ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಚೇತರಿಕೆಗೆ ಹಿಡಿಯುವ ಅವಧಿಯನ್ನು (ಕ್ಯೂಟಿ) ಹಿಗ್ಗಿಸಬಲ್ಲದು, ಅದಕ್ಕೆ ಆಗಾಗ ಇಸಿಜಿ. ಮಗುವಿನ ಎದೆ ವೇಗವಾಗಿ ಬಡಿಯುವುದರಿಂದ ಆ ಅವಧಿಯನ್ನು ಬಡಿತದ ವೇಗಕ್ಕೆ ಸರಿಹೊಂದಿಸುವ ಬಹುಬಳಕೆಯ ಬ್ಯಾಜೆಟ್ ಸೂತ್ರ ಇಲ್ಲದ ಅಪಾಯವನ್ನು ತೋರಿಸಬಹುದು. ಫ್ರಿಡರಿಸಿಯಾ ಸೂತ್ರವೇ ವಾಸಿ. ಜೊತೆಗೆ ಕೊಡುವ ಲೈನೆಜೊಲಿಡ್‌ನಿಂದ ರಕ್ತಹೀನತೆ ಬರಬಹುದು, ಕಣ್ಣಿನ ನರ ಸೊರಗಬಹುದು. ಇವೆಲ್ಲದರ ನಡುವೆ ಮದ್ದು ಹಿಡಿದ ಮಗು ಮೈತುಂಬಿಕೊಳ್ಳುತ್ತದೆ, ಆಗ ಹಳೆಯ ಡೋಸ್ ಸಾಲದು. ಹಾಗಾಗಿ ಪ್ರತಿ ಭೇಟಿಯಲ್ಲೂ ಚೀಟಿ ಬರೆಯುವ ಮುಂಚೆ ತೂಕ ನೋಡಬೇಕು.