ಹಸಿರು ದೀಪ ಎಣಿಸದ ದಣಿವು

ಸ್ಮಾರ್ಟ್‌ವಾಚನ್ನು ಮಗುಚಿ ನೋಡಿದರೆ ಅಡಿಯಲ್ಲಿ ಹಸಿರು ದೀಪ ಮಿನುಗುತ್ತಿರುತ್ತದೆ. ಹಸಿರೇ ಏಕೆ? ರಕ್ತದ ಹಿಮೋಗ್ಲೋಬಿನ್ ಆ ಬಣ್ಣದ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದಡಿಯ ಸಣ್ಣ ನಾಳಗಳಿಗೆ ರಕ್ತ ನುಗ್ಗಿ, ವಾಪಸು ಬರುವ ಬೆಳಕು ತುಸು ತಗ್ಗುತ್ತದೆ. ಪಕ್ಕದ ಸೆನ್ಸರ್ ಈ ಏರಿಳಿತ ಎಣಿಸಿ ನಾಡಿಯ ಅಂಕಿ ತೋರಿಸುತ್ತದೆ.

ಕೂತಿದ್ದಾಗ ಲೆಕ್ಕ ಬಹುಮಟ್ಟಿಗೆ ಸರಿ. ಓಡತೊಡಗಿದರೆ ತಾಪತ್ರಯ ಶುರು. ಪಟ್ಟಿ ಸಡಿಲವಿದ್ದರಂತೂ ವಾಚಿನ ಕುಲುಕಾಟವೂ ಬೆಳಕಿನ ಏರಿಳಿತವಾಗಿಯೇ ಕಾಣುತ್ತದೆ. ಓಟಗಾರರ ಹೆಜ್ಜೆ ನಿಮಿಷಕ್ಕೆ 160–180ರ ಆಸುಪಾಸು; ಜೋರಾಗಿ ಓಡುವ ಅನೇಕರ ನಾಡಿಯೂ ಅಲ್ಲೇ ಎಲ್ಲೋ ಇರುತ್ತದೆ. ಪಾಪ, ಯಂತ್ರ ಕೆಲವೊಮ್ಮೆ ಕಾಲಿನ ಲೆಕ್ಕವನ್ನು ಹೃದಯದ ಖಾತೆಗೆ ಬರೆದುಬಿಡುತ್ತದೆ!

ಅಂಕಿ ಸರಿಯಿದ್ದರೂ ಅದು ಹೆಚ್ಚೋ ಕಡಿಮೆಯೋ ಎಂದು ತಿಳಿಯುವುದು ಹೇಗೆ? 220ರಿಂದ ವಯಸ್ಸು ಕಳೆದರೆ ಗರಿಷ್ಠ ನಾಡಿ ಎಂಬ ಸೂತ್ರ ಜಿಮ್‌ಗೆ ಹೋಗುವವರಿಗೆಲ್ಲ ಬಾಯಿಪಾಠ. 2001ರಲ್ಲಿ ಹಿರೊಫುಮಿ ತನಾಕ ಮತ್ತು ಸಂಗಡಿಗರು ನೂರಾರು ಅಧ್ಯಯನಗಳನ್ನು ಒಟ್ಟುಹಾಕಿ, ವಯಸ್ಸಿನ 0.7 ಪಾಲನ್ನು 208ರಿಂದ ಕಳೆಯಿರಿ ಎಂದರು. ನಲವತ್ತರವರಿಗೆ ಎರಡೂ 180 ಎನ್ನುತ್ತವೆ. ಅರವತ್ತರವರಿಗೆ ಒಂದು 160, ಇನ್ನೊಂದು 166. ಎರಡೂ ಸರಾಸರಿಗಳೇ. ಒಂದೇ ವಯಸ್ಸಿನ ಇಬ್ಬರ ನಡುವೆ ಹತ್ತಿಪ್ಪತ್ತು ಬಡಿತದ ಅಂತರ ಅಪರೂಪವಲ್ಲ.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ದಣಿದವರನ್ನೇ ಕೇಳುವ ದಾರಿ ಹಿಡಿದರು. ಅವರ ಅಳತೆಪಟ್ಟಿ 6ರಿಂದ 20ರವರೆಗೆ. 6 ಎಂದರೆ ಶ್ರಮವೇ ಇಲ್ಲ, 13 ತುಸು ಕಷ್ಟ, 20 ಇನ್ನು ಆಗದು. ಈ ವಿಚಿತ್ರ ಅಂಕಿಗಳಿಗೆ ಕಾರಣವಿದೆ: ಹತ್ತರಿಂದ ಗುಣಿಸಿದರೆ ಆರೋಗ್ಯವಂತ ಯುವಜನರ ನಾಡಿ ಅಂದಾಜಾಗಿ ಸಿಗುತ್ತದೆ. ಆದರೆ ಪಟ್ಟಿಯ ನಿಜವಾದ ಬಲ ಬೇರೆಡೆ ಇದೆ. ಏದುಸಿರು, ತೊಡೆಯ ಉರಿ, ಬಿಸಿಲು, ನಿದ್ದೆಗೆಟ್ಟ ರಾತ್ರಿ, ಎಲ್ಲವೂ ಸೇರಿಯೇ ಆ ಒಂದು ಉತ್ತರ ಬರುತ್ತದೆ. ವಾಚು ಕೇಳುವುದು ಹೃದಯವೊಂದನ್ನೇ.

ಪಟ್ಟಿಯೂ ಬೇಡವೆನ್ನುವವರಿಗೆ ಮಾತಿನ ಪರೀಕ್ಷೆ ಸಾಕು. ನಡೆಯುತ್ತ ಮಾತಾಡಬಹುದು, ಹಾಡಲಾಗದು ಎಂದಾದರೆ ಶ್ರಮ ಮಧ್ಯಮ. ನಾಲ್ಕು ಮಾತಿಗೇ ಉಸಿರೆಳೆದುಕೊಳ್ಳಬೇಕಾದರೆ ತೀವ್ರ.

ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಇದು ಇನ್ನೂ ಮುಖ್ಯ. ಆ ಮಾತ್ರೆ ನಾಡಿಯನ್ನು ತಗ್ಗಿಸಿಡುತ್ತದೆ. ಎಷ್ಟು ಬೆವರಿದರೂ ವಾಚಿನ ಅಂಕಿ ಹೆಚ್ಚು ಏರದು. ಅಂಥವರು ಅಂಕಿಯ ಬೆನ್ನು ಹತ್ತದೆ, ವೈದ್ಯರನ್ನು ಕೇಳಿ, ಉಸಿರನ್ನು ನಂಬಿ ನಡೆಯಬೇಕು. ಎದೆ ಬಿಗಿದರೆ, ತಲೆ ಸುತ್ತಿದರೆ ವಾಚು ಏನೇ ತೋರಿಸಲಿ, ಕೂಡಲೇ ನಿಲ್ಲಿಸಿ.