ದಂಡು ಹೋಯಿತು, ಶಾಪ ಉಳಿಯಿತು

ಹಳೇಬೀಡು ಹಾಳಾದುದಕ್ಕೆ ಚರಿತ್ರೆ ಕೊಡುವ ಕಾರಣ ದೆಹಲಿಯ ದಂಡು. ಜನರ ಬಾಯಲ್ಲಿ ಉಳಿದ ಕಾರಣ ಒಬ್ಬ ತಾಯಿಯ ಶಾಪ.

ಹೊಯ್ಸಳ ಅರಸ ಬಲ್ಲಾಳರಾಯನ ಒಡಹುಟ್ಟಿದವಳು ಇಬ್ಬರು ಗಂಡುಮಕ್ಕಳೊಂದಿಗೆ ತವರಿಗೆ ಬಂದಳಂತೆ. ಅರಮನೆಯ ಹೆಣ್ಣೊಬ್ಬಳು ಆ ಹುಡುಗರ ಮೇಲೆ ಸುಳ್ಳು ದೂರು ಹೊರಿಸಿದಳು. ರಾಜ ವಿಚಾರಿಸದೆ ಕೊಲ್ಲಿಸಿದ. ಮಕ್ಕಳನ್ನು ಕಳೆದುಕೊಂಡವಳು ಬಾಯಾರಿ ಬೀದಿಬೀದಿ ಅಲೆದಳು. ಯಾರೂ ಹನಿ ನೀರು ಕೊಡಲಿಲ್ಲ, ಕುಂಬಾರರ ಹೊರತು. ಊರು ಹಾಳಾಗಲಿ, ಕುಂಬಾರರ ಕೇರಿಯೊಂದು ಉಳಿಯಲಿ ಎಂದು ಅವಳು ಶಪಿಸಿದಳು.

ಇನ್ನು ನಡೆದದ್ದು. ಅಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫರ್ 1311ರ ಆರಂಭದಲ್ಲಿ ದೋರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ಬಂದಾಗ ಮೂರನೆಯ ವೀರಬಲ್ಲಾಳ ಊರಲ್ಲಿರಲಿಲ್ಲ. ಪಾಂಡ್ಯ ಸೋದರರ ಜಗಳದಲ್ಲಿ ಲಾಭ ಹುಡುಕಿ ತಮಿಳುನಾಡಿಗೆ ಹೋಗಿದ್ದ. ಓಡೋಡಿ ಬಂದವನು ಆನೆ, ಕುದುರೆ, ಭಂಡಾರ ಒಪ್ಪಿಸಿ ಮಣಿದ. ದೆಹಲಿಗೆ ಹೋದ ಮಗ ವಿರೂಪಾಕ್ಷ ಮರಳಿದ್ದು 1313ರಲ್ಲಿ. ಮುಂದೆ 1327ರ ಹೊತ್ತಿಗೆ ದೆಹಲಿಯ ತುಘಲಕ್ ಸೇನೆ ಬಂದು ರಾಜಧಾನಿಯನ್ನು ಹಾಳುಗೆಡವಿತು. ಬಲ್ಲಾಳ ತಿರುವಣ್ಣಾಮಲೈಯಿಂದ ಆಳತೊಡಗಿದ.

ಹತ್ತಿರದ ಬೇಲೂರಿನಲ್ಲಿ ನೆನಪಿನ ದಾರಿ ಬೇರೆ. ಅಲ್ಲಿ ಕಲ್ಲೇ ಮಾತಾಡುತ್ತದೆ: ಕಲಬುರಗಿ ಕಡೆಯಿಂದ ಬಂದವರು ಸುಟ್ಟ ಚೆನ್ನಕೇಶವನ ಗುಡಿಯ ಮಹಾದ್ವಾರವನ್ನು ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಕಟ್ಟಿಸಿದ. ಶಾಸನ ಬರೆಸಿದವನಿಗೆ ಸುಟ್ಟವನೂ ಮುಖ್ಯ, ಕಟ್ಟಿಸಿದವನೂ ಮುಖ್ಯ. ಹಳೇಬೀಡಿನ ಕಥೆ ಹೇಳಿದವರಿಗೆ ಬೇಕಾದದ್ದು ಬೇರೆ. ಎರಡು ದಂಡಯಾತ್ರೆಗಳು ಅವರ ನೆನಪಿನಲ್ಲಿ ಒಂದೇ ಹಾಳಾಗಿ ಬೆರೆತವು, ಸೇನಾನಿಗಳ ಹೆಸರು ಅಳಿಸಿಹೋಯಿತು. ಆದರೆ ವಿಚಾರಣೆಯಿಲ್ಲದೆ ಕೊಲ್ಲಿಸಿದ ರಾಜನನ್ನೂ ನೀರು ಕೊಟ್ಟ ಕುಂಬಾರರನ್ನೂ ಅವರು ಮರೆಯಲಿಲ್ಲ. ಹೊರಗಿನ ಶತ್ರುವಿಗಿಂತ ಒಳಗಿನ ಅನ್ಯಾಯವೇ ಊರನ್ನು ಕೆಡಿಸಿತು ಎಂಬ ಈ ತೀರ್ಪನ್ನು ನಾನು ಅಜ್ಜಿಕಥೆಯೆಂದು ತಳ್ಳಲಾರೆ. ಅರಮನೆಯ ಬಗ್ಗೆ ಬಡವರು ಬರೆದ ಶಾಸನ ಅದು.

ಐರ್ಲೆಂಡಿನ ಹಳ್ಳಿಗರಿಗೂ ದಂಡೊಂದರ ಇಂಥದೇ ನೆನಪಿದೆ. 1798ರಲ್ಲಿ ಇಂಗ್ಲಿಷರ ವಿರುದ್ಧದ ದಂಗೆಗೆ ನೆರವಾಗಲು ಅಲ್ಲಿನ ಕಿಲ್ಲಾಲದಲ್ಲಿ ಇಳಿದ ಸುಮಾರು ಸಾವಿರ ಫ್ರೆಂಚ್ ಸೈನಿಕರು ತಿಂಗಳೊಳಗೆ ಸೋತರು. ಆದರೂ ಜನ ಆ ವರ್ಷವನ್ನು ‘ಫ್ರೆಂಚರ ವರ್ಷ’ ಎಂದೇ ಕರೆದರು. 1937ರಿಂದ ಅಲ್ಲಿನ ಶಾಲಾಮಕ್ಕಳು ಮನೆಯ ಹಿರಿಯರ ಬಾಯಿಂದ ಇಂಥ ಕಥೆಗಳನ್ನು ಕೇಳಿ ನೋಟ್‌ಬುಕ್ಕಿಗೆ ಇಳಿಸಿದರು.

ಅರಸೀಕೆರೆ, ಬೇಲೂರು, ಹಳೇಬೀಡಿನ ಮೇಷ್ಟ್ರುಗಳೇ, ಮೇಡಂಗಳೇ, ಮುಂದಿನ ರಜೆಯಲ್ಲಿ ಮಕ್ಕಳಿಗೆ ಈ ಕೆಲಸ ಕೊಡಿ. ಹೇಳಿದವರ ಮಾತನ್ನು ತಿದ್ದದೆ ಬರೆಸಿಕೊಳ್ಳಿ.